ಎರಡು ಪದವಿಗೆ ಅನುಮತಿ ಬಂದಾಗಿದೆ, ಈಗ ಒಂದು ಟೈಮ್ ಟೇಬಲ್ ಕೊಡಿ

ಕಲಬುರಗಿ, ಬೀದರ್, ಯಾದಗಿರಿ ಭಾಗದ ವಿಶ್ವವಿದ್ಯಾಲಯಗಳ ಮಾನ್ಯ ಕುಲಪತಿಗಳಿಗೆ, ಕುಲಸಚಿವರಿಗೆ ಮತ್ತು ವಿದ್ಯಾವಿಷಯಕ ಪರಿಷತ್ತಿನ ಸದಸ್ಯರಿಗೆ,

ನಮಸ್ಕಾರ.

ಒಂದೇ ವಿಶ್ವವಿದ್ಯಾಲಯದ ಎರಡು ಬೇರೆ ಬೇರೆ ನಿಕಾಯಗಳಲ್ಲಿ, ಅಂದರೆ ಕಲೆ, ವಿಜ್ಞಾನ, ವಾಣಿಜ್ಯದಂಥ ಶಾಖೆಗಳಲ್ಲಿ, ಒಟ್ಟಿಗೆ ಎರಡು ಪದವಿ ಓದಲು ನಮ್ಮ ಮಕ್ಕಳಿಗೆ ದಾರಿ ಮಾಡಿಕೊಡಿ ಎಂದು ಕೇಳಲು ಈ ಪತ್ರ. ಅನುಮತಿ ಕೊಡಿ ಎಂದು ಕೇಳುತ್ತಿಲ್ಲ. ಅನುಮತಿ 2022ರ ಏಪ್ರಿಲ್‌ನಲ್ಲೇ ಬಂದಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಆ ತಿಂಗಳು ಹೊರಡಿಸಿದ ಮಾರ್ಗಸೂಚಿ ಸರಳವಾಗಿದೆ. ವಿದ್ಯಾರ್ಥಿ ಎರಡು ಪೂರ್ಣಾವಧಿ ಕೋರ್ಸ್‌ಗಳನ್ನು ತರಗತಿಗೆ ಹೋಗಿಯೇ ಓದಬಹುದು, ಒಂದರ ತರಗತಿ ಸಮಯ ಇನ್ನೊಂದರ ಸಮಯಕ್ಕೆ ಅಡ್ಡ ಬರಬಾರದು, ಅಷ್ಟೆ. ಇಲ್ಲವೇ ಒಂದನ್ನು ತರಗತಿಯಲ್ಲಿ, ಇನ್ನೊಂದನ್ನು ದೂರಶಿಕ್ಷಣ ಅಥವಾ ಆನ್‌ಲೈನ್‌ನಲ್ಲಿ ಓದಬಹುದು. ಎರಡೂ ದೂರಶಿಕ್ಷಣವಾದರೂ ಸರಿ. ಪಿಎಚ್‌ಡಿಗೆ ಮಾತ್ರ ಇದು ಅನ್ವಯಿಸುವುದಿಲ್ಲ.

ಆ ಮಾರ್ಗಸೂಚಿ ಬಂದಾಗ ನಾನು ನನ್ನ ತರಗತಿಯಲ್ಲಿ ಓದಿ ಹೇಳಿದ್ದೆ. ಕಲಬುರಗಿಯ ಒಂದು ಪದವಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಹುಡುಗರಿಗಿಂತ ಹುಡುಗಿಯರೇ ಜಾಸ್ತಿ ಪ್ರಶ್ನೆ ಕೇಳಿದರು. ಅವರಿಗೆ ಮುಂದೆ ಓದಲು ಮನೆಯಲ್ಲಿ ಸಿಗುವ ವರ್ಷಗಳು ಎಣಿಸಿ ಕೊಟ್ಟಂತಿರುತ್ತವೆ, ಅದಕ್ಕೇ.

ಅವರಲ್ಲಿ ಒಬ್ಬಳ ವಿಷಯ ಹೇಳುತ್ತೇನೆ. ಜೇವರ್ಗಿ ತಾಲ್ಲೂಕಿನವಳು. ಮನೆಯಲ್ಲಿ ತೊಗರಿ ಹೊಲ ಇದೆ. ಬಿಎಸ್ಸಿಯಲ್ಲಿ ಅರ್ಥಶಾಸ್ತ್ರ, ಗಣಿತ, ಸಂಖ್ಯಾಶಾಸ್ತ್ರ ಓದಿದಳು. ತೊಗರಿ ರಾಶಿ ಆಗಿ ಮಾಲು ಎಪಿಎಂಸಿಗೆ ಬರುವ ಹೊತ್ತಿಗೇ ದರ ಯಾಕೆ ಕುಸಿಯುತ್ತದೆ, ಹೊರದೇಶದಿಂದ ಬರುವ ತೊಗರಿ ನಮ್ಮ ದರವನ್ನು ಎಷ್ಟು ಎಳೆಯುತ್ತದೆ, ಇದನ್ನು ಲೆಕ್ಕ ಹಾಕಿ ತೋರಿಸಬೇಕು ಎಂಬ ಹಂಬಲ ಅವಳದು. ಬರೀ ಅರ್ಥಶಾಸ್ತ್ರ ಓದಿದರೆ ಲೆಕ್ಕ ಅರ್ಧಕ್ಕೆ ನಿಲ್ಲುತ್ತದೆ. ಬರೀ ಸಂಖ್ಯಾಶಾಸ್ತ್ರ ಓದಿದರೆ ಮಾರುಕಟ್ಟೆ ಕೈಗೆ ಸಿಗುವುದಿಲ್ಲ. ಎರಡೂ ಬೇಕು ಎಂದಳು. ಎರಡೂ ವಿಷಯಗಳ ಸ್ನಾತಕೋತ್ತರ ಪದವಿಗೆ ಅರ್ಜಿ ಹಾಕಿದಳು, ಎರಡರಲ್ಲೂ ಸೀಟು ಸಿಗುವಷ್ಟು ಅಂಕ ಇದ್ದವು.

ಯಾವ ವಿಶ್ವವಿದ್ಯಾಲಯ ಎಂದು ಹೆಸರು ಹೇಳುವುದಿಲ್ಲ. ಒಂದನ್ನು ಬೈಯಲು ಈ ಪತ್ರ ಬರೆಯುತ್ತಿಲ್ಲ. ಮೊದಲ ವಿಭಾಗದಲ್ಲಿ ಒರಿಜಿನಲ್ ಟಿಸಿ ಕೊಟ್ಟು ಸೇರಿದಳು. ಎರಡನೇ ವಿಭಾಗದ ಕಚೇರಿಯಲ್ಲಿ ಒರಿಜಿನಲ್ ಟಿಸಿ ಕೇಳಿದರು. ಆ ವಿಭಾಗದಲ್ಲಿದೆ ಎಂದರೆ, ಹಾಗಾದರೆ ಅಲ್ಲಿ ಬಿಡಿಸಿಕೊಂಡು ಬಾ ಎಂದರು. ಯುಜಿಸಿ ಪತ್ರದ ಪ್ರತಿ ತೋರಿಸಿದರೆ, ನಮಗೆ ಇನ್ನೂ ಆದೇಶ ಬಂದಿಲ್ಲ ಎಂದರು. ಗುಮಾಸ್ತರ ಮೇಲೆ ನನಗೆ ಸಿಟ್ಟಿಲ್ಲ. ಅವರ ಮುಂದೆ ಇರುವ ಫಾರಂನಲ್ಲಿ ಎರಡನೇ ಕೋರ್ಸ್ ಬರೆಯಲು ಜಾಗವೇ ಇಲ್ಲದಿದ್ದರೆ ಅವರಾದರೂ ಏನು ಮಾಡಬೇಕು?

ಆದರೂ ಆ ಹುಡುಗಿ ಬಿಡಲಿಲ್ಲ. ಎರಡೂ ವಿಭಾಗಗಳ ನೋಟಿಸ್ ಬೋರ್ಡಿನಿಂದ ಟೈಮ್ ಟೇಬಲ್ ಫೋಟೊ ತೆಗೆದುಕೊಂಡು ಬಂದಳು. ನನ್ನ ಮುಂದೆ ಕೂತು ಒಂದು ಗ್ರಾಫ್ ಹಾಳೆಯ ಮೇಲೆ ಕೆಂಪು ಇಂಕಿನಲ್ಲಿ ಒಂದನ್ನು, ನೀಲಿ ಇಂಕಿನಲ್ಲಿ ಇನ್ನೊಂದನ್ನು ಬರೆದಳು. ಬೆಳಿಗ್ಗೆ 11ರಿಂದ 1 ಗಂಟೆವರೆಗೆ ಸೋಮವಾರದಿಂದ ಶುಕ್ರವಾರದವರೆಗೂ ಕೆಂಪಿನ ಮೇಲೆ ನೀಲಿ. ಮಧ್ಯಾಹ್ನ 3ರ ನಂತರ ಒಂದು ವಿಭಾಗ ಪೂರ್ತಿ ಖಾಲಿ. ಶನಿವಾರ ಎರಡೂ ಖಾಲಿ. ಒಂದು ವಿಭಾಗದವರು ಎರಡು ಪೇಪರ್‌ಗಳನ್ನು ಮಧ್ಯಾಹ್ನಕ್ಕೆ ಸರಿಸಿದ್ದರೆ ಮುಕ್ಕಾಲು ಪಾಲು ಸಮಸ್ಯೆ ಅಲ್ಲೇ ಮುಗಿಯುತ್ತಿತ್ತು. ಆ ಎರಡು ವಿಭಾಗಗಳ ನಡುವೆ ನಡೆದು ಹೋಗುವಷ್ಟೇ ದೂರ. ಆದರೆ ಒಬ್ಬರ ಟೈಮ್ ಟೇಬಲ್ ಇನ್ನೊಬ್ಬರು ನೋಡಿರಲಿಲ್ಲ. ನೋಡಬೇಕಾದ ಕೆಲಸ ಯಾರದ್ದೂ ಆಗಿರಲಿಲ್ಲ.

ಕೊನೆಗೆ ಅವಳು ಒಂದೇ ಕೋರ್ಸ್ ಓದಿದಳು. 'ಒಂದ್ ಮುಗಿಸಿ ಇನ್ನೊಂದ್ ಮಾಡು ಅಂತಾರ್ರಿ ಮೇಡಂ. ಮನ್ಯಾಗ ಅಷ್ಟ್ ದಿನ ಬಿಡ್ತಾರೇನ್ರಿ?' ಎಂದು ಕೇಳಿದಳು. ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಇರುವುದು ನಿಮ್ಮ ಹತ್ತಿರ.

ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎನ್ನುವ ಮಾತು ನಮ್ಮ ಕಡೆ ಮಕ್ಕಳ ಬಾಯಲ್ಲೂ ಇದೆ. ನಿಮ್ಮ ಬಗ್ಗೆ ಹಾಗೆ ಮಾತಾಡಲು ನನಗೆ ಮನಸ್ಸಿಲ್ಲ. ಇದೇ ತೊಂದರೆ ದೇಶದ ಬೇರೆ ಕಡೆಯೂ ಆಗಿದೆ. ಅದಕ್ಕೇ ಯುಜಿಸಿ 2022ರಲ್ಲೇ ಮತ್ತೊಮ್ಮೆ ಪತ್ರ ಬರೆದು, ನಿಮ್ಮ ನಿಮ್ಮ ಶಾಸನಬದ್ಧ ಸಮಿತಿಗಳ ಮೂಲಕ ಇದಕ್ಕೆ ವ್ಯವಸ್ಥೆ ಮಾಡಿ ಎಂದು ವಿಶ್ವವಿದ್ಯಾಲಯಗಳನ್ನು ಕೇಳಿತು. ಅಂದರೆ ಚೆಂಡು ನಿಮ್ಮ ಅಂಗಳದಲ್ಲೇ ಇದೆ.

ಈಗ ಲೆಕ್ಕಕ್ಕೆ ಬರೋಣ. ಇದೇ ಮುಖ್ಯ, ಸ್ವಲ್ಪ ಸಮಾಧಾನದಿಂದ ಓದಿ.

ಎರಡು ವರ್ಷದ ಸ್ನಾತಕೋತ್ತರ ಪದವಿಗೆ ಸುಮಾರು 80 ಕ್ರೆಡಿಟ್. ಸೆಮಿಸ್ಟರ್‌ಗೆ 20. ಥಿಯರಿ ಪೇಪರ್‌ನಲ್ಲಿ ಒಂದು ಕ್ರೆಡಿಟ್ ಅಂದರೆ ವಾರಕ್ಕೆ ಒಂದು ಗಂಟೆ ಪಾಠ, ಪ್ರಾಕ್ಟಿಕಲ್ ಆದರೆ ಎರಡು ಗಂಟೆ. ಎರಡು ಪದವಿಯನ್ನು ಎರಡೇ ವರ್ಷದಲ್ಲಿ ಮಾಡು ಎಂದರೆ ಸೆಮಿಸ್ಟರ್‌ಗೆ 40 ಕ್ರೆಡಿಟ್. ವಾರಕ್ಕೆ 40 ಗಂಟೆಗೂ ಮೇಲೆ ಬರೀ ತರಗತಿ. ಓದುವುದು ಯಾವಾಗ, ಬಸ್ಸಿಗೆ ನಿಲ್ಲುವುದು ಯಾವಾಗ, ಊಟ ಯಾವಾಗ? ಇದು ಆಗದ ಮಾತು. ಅನುಮತಿ ಇದ್ದೂ ಯಾರೂ ಓದುತ್ತಿಲ್ಲವಲ್ಲ ಎಂದು ಕೇಳುವವರಿಗೆ ಉತ್ತರ ಇಲ್ಲಿದೆ.

ಮೂರು ವರ್ಷಕ್ಕೆ ಹರಡಿ ನೋಡಿ. ಎರಡೂ ಸೇರಿ 160 ಕ್ರೆಡಿಟ್. ಇದರಲ್ಲಿ ಎರಡೂ ಕಡೆ ಬರುವ ಪಾಠ ಎಷ್ಟಿರುತ್ತದೆ ಎಂದು ಸಿಲೆಬಸ್ ಇಟ್ಟುಕೊಂಡು ನೋಡಿ. ಸಂಶೋಧನಾ ವಿಧಾನದ ಪೇಪರ್ ಎರಡೂ ಕಡೆ ಇರುತ್ತದೆ. ಓಪನ್ ಎಲೆಕ್ಟಿವ್ ಎರಡೂ ಕಡೆ ಇರುತ್ತದೆ. ಅರ್ಥಶಾಸ್ತ್ರದವಳು ಓಪನ್ ಎಲೆಕ್ಟಿವ್ ಆಗಿ ಸಂಖ್ಯಾಶಾಸ್ತ್ರ ಓದಿದರೆ, ಸಂಖ್ಯಾಶಾಸ್ತ್ರದ ಪದವಿಯಲ್ಲಿ ಅದೇ ಪಾಠವನ್ನು ಮತ್ತೆ ಕೂತು ಕೇಳಬೇಕಾ? ಪ್ರಾಜೆಕ್ಟ್ ಒಂದೇ ಇರಲಿ, ದೊಡ್ಡದಾಗಿರಲಿ, ಎರಡೂ ವಿಭಾಗದಿಂದ ಒಬ್ಬೊಬ್ಬ ಗೈಡ್ ಇರಲಿ. ಹೀಗೆ ಹಂಚಿಕೊಂಡರೆ ನನ್ನ ಅಂದಾಜಿನಲ್ಲಿ 20 ಕ್ರೆಡಿಟ್ ಉಳಿಯುತ್ತದೆ. ಬಾಕಿ 140. ಆರು ಸೆಮಿಸ್ಟರ್‌ಗೆ ಹಂಚಿದರೆ ಒಂದಕ್ಕೆ 23ರ ಆಸುಪಾಸು. ಈಗ ಮಾಮೂಲಿ ವಿದ್ಯಾರ್ಥಿ ಓದುವ 20ಕ್ಕಿಂತ ಮೂರು ಜಾಸ್ತಿ, ಅಷ್ಟೆ.

ನಾಲ್ಕು ವರ್ಷದಲ್ಲಿ ಒಂದಾದ ಮೇಲೊಂದು ಓದುವ ಬದಲು ಮೂರು ವರ್ಷದಲ್ಲಿ ಎರಡೂ ಮುಗಿಯುತ್ತವೆ. ಆ ಒಂದು ವರ್ಷ ನಮ್ಮ ಹುಡುಗಿಯರ ಪಾಲಿಗೆ ಓದೋ ಮದುವೆಯೋ ಎಂಬುದನ್ನು ತೀರ್ಮಾನಿಸುವ ವರ್ಷ. ಹುಡುಗರಿಗೂ ಕಡಿಮೆಯೇನಲ್ಲ. ರಾಶಿ ಕಾಲಕ್ಕೆ ಊರಿಗೆ ಹೋಗಿ ದುಡಿದು ಬಂದು ಫೀಸ್ ಕಟ್ಟುವವರು ನನ್ನ ತರಗತಿಯಲ್ಲೇ ಇದ್ದಾರೆ.

ಬೇರೆ ಕಡೆ ಇದನ್ನು ಮಾಡಿಲ್ಲವೇ? ಮಾಡಿದ್ದಾರೆ. ಪಿಲಾನಿಯ ಬಿಟ್ಸ್‌ನಲ್ಲಿ ಎಂಎಸ್ಸಿಗೆ ಸೇರಿದ ವಿದ್ಯಾರ್ಥಿಗೆ ಮೊದಲ ವರ್ಷದ ಸಾಧನೆ ನೋಡಿ ಎಂಜಿನಿಯರಿಂಗ್ ಪದವಿಯನ್ನೂ ಕೊಡುತ್ತಾರೆ. ಐದು ವರ್ಷಕ್ಕೆ ಎರಡು ಪದವಿ. ಭೌತಶಾಸ್ತ್ರ ಮತ್ತು ಎಲೆಕ್ಟ್ರಾನಿಕ್ಸ್, ಅರ್ಥಶಾಸ್ತ್ರ ಮತ್ತು ಕಂಪ್ಯೂಟರ್ ಸೈನ್ಸ್, ಹೀಗೆ. ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳಲ್ಲಿ ಒಂದು ಪದವಿಗೆ 120 ಕ್ರೆಡಿಟ್ ಬೇಕು. ಅದೇ ವಿಶ್ವವಿದ್ಯಾಲಯದ ಇನ್ನೊಂದು ಕಾಲೇಜಿನಲ್ಲಿ ಎರಡನೇ ಪದವಿಯೂ ಬೇಕೆಂದರೆ ಸಾಮಾನ್ಯವಾಗಿ ಇನ್ನೂ 30 ಜಾಸ್ತಿ ಮಾಡಿಸುತ್ತಾರೆ. ಪೂರ್ತಿ 240 ಕೇಳುವುದಿಲ್ಲ. ಆದರೆ ಎರಡೂ ವಿಷಯದ ಮುಖ್ಯ ಪೇಪರ್‌ಗಳಲ್ಲಿ ಒಂದನ್ನೂ ಬಿಡುವಂತಿಲ್ಲ. ಎರಡೂ ಕಡೆ ಒಪ್ಪಿಗೆ ಬೇಕು, ಎರಡೂ ಕಡೆ ಸಲಹೆ ಕೊಡುವ ಅಧ್ಯಾಪಕರು ಇರುತ್ತಾರೆ. ಪದವಿ ಹಗುರಾಗುವುದಿಲ್ಲ, ಓದಿದ್ದನ್ನೇ ಮತ್ತೆ ಓದುವುದು ತಪ್ಪುತ್ತದೆ.

ನಾನು ಒಂದೇ ವಿಶ್ವವಿದ್ಯಾಲಯದ ಒಳಗೆ ಎಂದು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಎರಡು ಬೇರೆ ವಿಶ್ವವಿದ್ಯಾಲಯ ಎಂದರೆ ಎರಡು ಕ್ಯಾಲೆಂಡರ್, ಎರಡು ಪರೀಕ್ಷಾ ವಿಭಾಗ. ಕಲಬುರಗಿಯಿಂದ ಕೇಂದ್ರೀಯ ವಿಶ್ವವಿದ್ಯಾಲಯ ಇರುವ ಕಡಗಂಚಿಗೆ ಹೋಗಿ ಬರುವಷ್ಟರಲ್ಲಿ ಅರ್ಧ ದಿನ ಹೋಗುತ್ತದೆ. ಒಂದೇ ವಿಶ್ವವಿದ್ಯಾಲಯದಲ್ಲಿ ಹಾಗಲ್ಲ. ಪರೀಕ್ಷೆಯ ವೇಳಾಪಟ್ಟಿ ಹಾಕುವವರು ಒಬ್ಬರೇ ಕುಲಸಚಿವರು. ಸಿಂಡಿಕೇಟ್ ಒಂದೇ. ಗ್ರಂಥಾಲಯ ಒಂದೇ. ಗುಲಬರ್ಗಾ ವಿಶ್ವವಿದ್ಯಾಲಯ 1980ರಿಂದ ಇದೆ, ಜ್ಞಾನಗಂಗಾ ಆವರಣದಲ್ಲಿ ಕಲೆ, ವಿಜ್ಞಾನ, ವಾಣಿಜ್ಯ, ಸಮಾಜ ವಿಜ್ಞಾನ ಎಲ್ಲವೂ ಒಂದೇ ಕಂಪೌಂಡಿನಲ್ಲಿವೆ. 2009ರಲ್ಲಿ ಶುರುವಾದ ಕೇಂದ್ರೀಯ ವಿಶ್ವವಿದ್ಯಾಲಯ ಕಡಗಂಚಿಯಲ್ಲಿ ಬೇರೆ ಬೇರೆ ಸ್ಕೂಲ್‌ಗಳಾಗಿಯೇ ಕಟ್ಟಿಕೊಂಡಿದೆ. ಬೀದರ್‌ಗೆ ಈಗ ತನ್ನದೇ ವಿಶ್ವವಿದ್ಯಾಲಯ ಬಂದಿದೆ. ಹೊಸ ಮನೆ ಅದು, ನಿಯಮಗಳನ್ನು ಈಗಲೇ ಸರಿಯಾಗಿ ಬರೆದುಕೊಳ್ಳಬಹುದು. ಖಾಸಗಿ ವಿಶ್ವವಿದ್ಯಾಲಯಗಳೂ ಕಲಬುರಗಿಯಲ್ಲಿವೆ. ಯಾರು ಮೊದಲು ಮಾಡುತ್ತಾರೋ ನಮ್ಮ ಮಕ್ಕಳು ಅಲ್ಲಿಗೆ ಹೋಗುತ್ತಾರೆ.

ಟೈಮ್ ಟೇಬಲ್ ಬದಲಿಸುವುದು ಕಷ್ಟ ಎಂದು ನೀವು ಹೇಳಬಹುದು. ಆದರೆ ನಮ್ಮ ಭಾಗದಲ್ಲಿ ಏಪ್ರಿಲ್, ಮೇ ತಿಂಗಳು ಬಂದರೆ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ರವರೆಗೆ ನಡೆಯುತ್ತವೆ. ಇಲ್ಲಿನ ಬಿಸಿಲು ಹೇಗಿದೆ ಎಂದು ಗೊತ್ತಿದ್ದವರು ಮಾಡಿದ ಒಳ್ಳೆಯ ನಿಯಮ ಅದು. ಬಿಸಿಲಿಗೆ ಗಡಿಯಾರ ಸರಿಸಬಹುದಾದರೆ ವಿದ್ಯಾರ್ಥಿಗೂ ಸರಿಸಬಹುದು ಅಲ್ವಾ? ಎಲ್ಲಾ ವಿಭಾಗಗಳನ್ನು ಒಮ್ಮೆಗೇ ಅಲ್ಲಾಡಿಸಿ ಎಂದು ಹೇಳುತ್ತಿಲ್ಲ. ನಾಲ್ಕೈದು ಜೋಡಿ ಆರಿಸಿಕೊಳ್ಳಿ. ಜೋಡಿಯ ಒಂದು ವಿಭಾಗದ ಮುಖ್ಯ ಪೇಪರ್‌ಗಳು ಬೆಳಿಗ್ಗೆ, ಇನ್ನೊಂದರವು ಮಧ್ಯಾಹ್ನ. ಸಂಜೆ 5ರ ಮೇಲೆ ತರಗತಿ ಇಡಬೇಡಿ. ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತ ಮಾಡಿದ ಶಕ್ತಿ ಯೋಜನೆ ಬಂದ ಮೇಲೆ ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಓಡಾಡಿ ಓದುವ ಹುಡುಗಿಯರು ಜಾಸ್ತಿಯಾಗಿದ್ದಾರೆ. ಟಿಕೆಟ್‌ಗೆ ಹಣ ಕೊಡಬೇಕಿಲ್ಲ ನಿಜ, ಆದರೆ ಊರಿನ ಕಡೆಯ ಬಸ್ಸು ತಪ್ಪಿದರೆ ಮುಂದಿನದಕ್ಕೆ ಕತ್ತಲಾಗುತ್ತದೆ.

ಯಾವ ಜೋಡಿ ಎಂದು ಹುಡುಕಲು ದೂರ ಹೋಗಬೇಕಿಲ್ಲ. ಬೀದರ್‌ನ ನೌಬಾದ್‌ನಲ್ಲಿ ಬಹಮನಿ ಕಾಲದ ಕಾರೇಜ್ ಇದೆ. ನೆಲದೊಳಗೆ ಸುರಂಗ ಕೊರೆದು, ಮೇಲಿಂದ ಬಾವಿಗಳನ್ನು ಇಳಿಸಿ, ನೀರನ್ನು ಇಳಿಜಾರಿನಲ್ಲೇ ಹರಿಸಿದ್ದಾರೆ. ಅದು ಯಾಕೆ ಅಲ್ಲೇ ಇದೆ ಎಂದು ತಿಳಿಯಬೇಕಾದರೆ ಜಂಬಿಟ್ಟಿಗೆ ಕಲ್ಲಿನಲ್ಲಿ ನೀರು ಹೇಗೆ ಇಂಗುತ್ತದೆ ಎಂದು ಗೊತ್ತಿರಬೇಕು. ಯಾರು ಕಟ್ಟಿಸಿದರು, ಯಾವ ದೇಶದ ತಿಳಿವಳಿಕೆ ಇಲ್ಲಿಗೆ ಬಂತು ಎಂದು ತಿಳಿಯಬೇಕಾದರೆ ಇತಿಹಾಸ ಗೊತ್ತಿರಬೇಕು, ಪರ್ಷಿಯನ್ ಗೊತ್ತಿದ್ದರೆ ಇನ್ನೂ ಒಳ್ಳೆಯದು. ಭೂವಿಜ್ಞಾನದಲ್ಲಿ ಒಂದು ಪದವಿ, ಇತಿಹಾಸದಲ್ಲಿ ಒಂದು ಪದವಿ ಇರುವ ಬೀದರ್‌ನ ಹುಡುಗನೊಬ್ಬ ಆ ಸುರಂಗಕ್ಕೆ ಇಳಿದರೆ ಏನೇನು ಕಾಣಬಹುದು ಎಂದು ಯೋಚಿಸಿ. ಚಿತ್ತಾಪುರ ತಾಲ್ಲೂಕಿನ ಸನ್ನತಿ, ಕನಗನಹಳ್ಳಿಯಲ್ಲಿ ಅಶೋಕನ ಶಾಸನ ಸಿಕ್ಕಿದೆ, ಅಶೋಕನ ಹೆಸರು ಕೆತ್ತಿದ ಅವನದೇ ಶಿಲ್ಪ ಸಿಕ್ಕಿದೆ. ಅದನ್ನು ನೋಡಲು ಬರುವವರಿಗೆ ಸರಿಯಾಗಿ ತೋರಿಸಲು ಇತಿಹಾಸವೂ ಬೇಕು, ಪ್ರವಾಸೋದ್ಯಮವೂ ಬೇಕು. ಬಿದರಿ ಕೆಲಸದ ಮನೆಯ ಮಕ್ಕಳಿಗೆ ರಸಾಯನಶಾಸ್ತ್ರವೂ ವಾಣಿಜ್ಯವೂ ಒಟ್ಟಿಗೆ ಸಿಕ್ಕರೆ? ಕೋಟೆಯ ಮಣ್ಣು ಆ ಲೋಹವನ್ನು ಯಾಕೆ ಕಪ್ಪಾಗಿಸುತ್ತದೆ ಎಂಬುದೂ ತಿಳಿಯುತ್ತದೆ, ಮಾಲನ್ನು ನೇರವಾಗಿ ಮಾರುವುದೂ ತಿಳಿಯುತ್ತದೆ.

ಇದೆಲ್ಲ ಹೊಸದೇನಲ್ಲ ನಮ್ಮ ನೆಲಕ್ಕೆ. ಮಳಖೇಡದಲ್ಲಿ ಅಮೋಘವರ್ಷ ಆಳುವಾಗ ಗಣಿತಜ್ಞ ಮಹಾವೀರಾಚಾರ್ಯರೂ ಕನ್ನಡದ ಕಾವ್ಯಚಿಂತನೆಯೂ ಒಂದೇ ಆಸ್ಥಾನದ ಆಸರೆಯಲ್ಲಿದ್ದವು.

ಎಲ್ಲಾ ಕೋರ್ಸ್‌ಗೂ ಇದು ಆಗುವುದಿಲ್ಲ ಎಂಬುದು ನನಗೂ ಗೊತ್ತು. ಬಾರ್ ಕೌನ್ಸಿಲ್‌ನ 2008ರ ನಿಯಮದ ಪ್ರಕಾರ ಕಾನೂನು ಪದವಿಯ ಜೊತೆ ಇನ್ನೊಂದು ರೆಗ್ಯುಲರ್ ಪದವಿ ಓದುವಂತಿಲ್ಲ. ಬಿಎ ಎಲ್‌ಎಲ್‌ಬಿ ರೀತಿಯ ಸಂಯೋಜಿತ ಕೋರ್ಸ್‌ಗೆ ಮಾತ್ರ ವಿನಾಯಿತಿ. ಬಿಇಡಿ, ನರ್ಸಿಂಗ್‌ನಂಥವಕ್ಕೆ ಅವುಗಳದೇ ಪರಿಷತ್ತುಗಳಿವೆ, ಅವರು ಹೇಳಿದ್ದೇ ಅಂತಿಮ. ಇದನ್ನೂ ಪ್ರವೇಶದ ಪುಸ್ತಕದಲ್ಲಿ ಕನ್ನಡದಲ್ಲಿ ಸ್ಪಷ್ಟವಾಗಿ ಬರೆಯಿರಿ. ಯಾರೋ ಹೇಳಿದರೆಂದು ಎರಡಕ್ಕೂ ಫೀಸ್ ಕಟ್ಟಿ, ಕೊನೆಗೆ ಒಂದು ಪದವಿ ನಡೆಯುವುದಿಲ್ಲ ಎಂದು ತಿಳಿದರೆ ಆ ಮನೆಯ ಸ್ಥಿತಿ ಏನಾಗಬೇಕು?

ಒಬ್ಬರೇ ಎರಡು ಸೀಟು ಹಿಡಿದರೆ ಇನ್ನೊಬ್ಬರಿಗೆ ತಪ್ಪುತ್ತದೆ ಎಂಬ ಮಾತೂ ಇದೆ. ಇದು ನಿಜವಾದ ಆತಂಕ, ಇದನ್ನು ತಳ್ಳಿಹಾಕಬಾರದು. ಬೇಡಿಕೆ ಜಾಸ್ತಿ ಇರುವ ವಿಭಾಗದಲ್ಲಿ ಮೊದಲು ಒಂದೇ ಪದವಿ ಓದುವವರಿಗೆ ಸೀಟು ಕೊಡಿ. ಕೌನ್ಸೆಲಿಂಗ್ ಎಲ್ಲಾ ಮುಗಿದ ಮೇಲೆ ಉಳಿದ ಸೀಟನ್ನು ಎರಡನೇ ಪದವಿಯವರಿಗೆ ಕೊಡಿ. ನಾನು ನೋಡಿದ ಕೆಲವು ವಿಭಾಗಗಳಲ್ಲಿ ಬೆಂಚುಗಳು ಅರ್ಧ ಖಾಲಿ. ಭಾಷೆಗಳು, ಇತಿಹಾಸ, ಕೆಲವು ಮೂಲ ವಿಜ್ಞಾನಗಳು. ಮಕ್ಕಳು ಬರುತ್ತಿಲ್ಲ ಎಂದು ಆ ಅಧ್ಯಾಪಕರೇ ನೊಂದುಕೊಳ್ಳುತ್ತಾರೆ. ಬರೀ ಇತಿಹಾಸ ಓದಿದರೆ ಕೆಲಸ ಎಲ್ಲಿದೆ ಎಂದು ಹೆದರುವ ತಂದೆತಾಯಿ, ಜೊತೆಗೆ ಕಂಪ್ಯೂಟರ್ ಪದವಿಯೂ ಇದೆ ಎಂದರೆ ಮಗಳನ್ನು ಧೈರ್ಯವಾಗಿ ಕಳಿಸುತ್ತಾರೆ.

ಅಧ್ಯಾಪಕರ ಕೊರತೆ ವಿಷಯ ಬೇರೆಯೇ ದೊಡ್ಡದು. ಅತಿಥಿ ಉಪನ್ಯಾಸಕರ ಹೆಗಲ ಮೇಲೆ ಎಷ್ಟೋ ವಿಭಾಗಗಳು ನಡೆಯುತ್ತಿವೆ. ಆದರೆ ಎರಡನೇ ಪದವಿಯವರಿಗಾಗಿ ಹೊಸ ತರಗತಿ ನಡೆಸಬೇಕಿಲ್ಲ. ನಡೆಯುತ್ತಿರುವ ತರಗತಿಯಲ್ಲಿ ಅವರೂ ಬಂದು ಕೂರುತ್ತಾರೆ. ಬೇಕಾಗಿರುವುದು ಪ್ರತಿ ಜೋಡಿಗೆ ಒಬ್ಬ ಜವಾಬ್ದಾರಿ ಅಧ್ಯಾಪಕರು, ಅವರಿಗೆ ಆ ಕೆಲಸಕ್ಕೆ ವಾರಕ್ಕೆ ಒಂದೆರಡು ಗಂಟೆ ಬಿಡುವು.

ಹಣದ ವಿಷಯ ಹೇಳದಿದ್ದರೆ ಉಳಿದಿದ್ದೆಲ್ಲ ವ್ಯರ್ಥ. ನಮ್ಮ ಮಕ್ಕಳು ವಿದ್ಯಾರ್ಥಿವೇತನ ಮತ್ತು ಹಾಸ್ಟೆಲ್ ನಂಬಿ ಓದುವವರು. ಎರಡನೇ ಕೋರ್ಸ್‌ಗೆ ಹೆಸರು ಹಾಕಿಸಿದರೆ ಮೊದಲಿನ ಸ್ಕಾಲರ್‌ಶಿಪ್ ನಿಲ್ಲುತ್ತದೋ ಏನೋ ಎಂಬ ಒಂದೇ ಭಯಕ್ಕೆ ಅರ್ಜಿ ಹರಿದು ಹಾಕಿದವರನ್ನು ನೋಡಿದ್ದೇನೆ. ಸಮಾಜ ಕಲ್ಯಾಣ ಇಲಾಖೆ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆ ಜೊತೆ ಮಾತಾಡಿ, ಮೊದಲ ಕೋರ್ಸ್‌ನ ಸೌಲಭ್ಯಕ್ಕೆ ಧಕ್ಕೆ ಇಲ್ಲ ಎಂದು ಒಂದು ಪತ್ರ ತನ್ನಿ. ಮೂರನೇ ವರ್ಷಕ್ಕೂ ಹಾಸ್ಟೆಲ್ ಸೀಟು ಉಳಿಯುವಂತೆ ಕೇಳಿ. ಗ್ರಂಥಾಲಯ, ಕ್ರೀಡೆ, ವೈದ್ಯಕೀಯ ಶುಲ್ಕವನ್ನು ಒಬ್ಬಳಿಂದಲೇ ಎರಡು ಸಲ ತೆಗೆದುಕೊಳ್ಳಬೇಡಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೂ ಒಂದು ಪ್ರಸ್ತಾವ ಕಳಿಸಿ. ನಮ್ಮ ಭಾಗಕ್ಕೆ ಮೀಸಲಾತಿ ಕೊಟ್ಟ ಸಂವಿಧಾನದ 371ಜೆ ತಿದ್ದುಪಡಿ ಬಂದಿದ್ದು ಇಂಥ ಮಕ್ಕಳ ಓದು ಮತ್ತು ಉದ್ಯೋಗಕ್ಕೇ. ಮೀಸಲಿಟ್ಟ ಹುದ್ದೆಗೆ ತಕ್ಕ ಪದವಿ ನಮ್ಮ ಮಕ್ಕಳ ಕೈಯಲ್ಲಿ ಇರಬೇಕಲ್ಲ.

ಇನ್ನೊಂದು. ಎರಡೂ ಹೊರಲಾರದೆ ಮಧ್ಯದಲ್ಲಿ ಒಂದನ್ನು ಬಿಡುವವರು ಇರುತ್ತಾರೆ. ಅವರನ್ನು ಫೇಲಾದವರಂತೆ ನೋಡಬಾರದು. 2021ರಲ್ಲಿ ಬಂದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನಲ್ಲಿ ಗಳಿಸಿದ ಕ್ರೆಡಿಟ್ 7 ವರ್ಷದವರೆಗೆ ಉಳಿಯುತ್ತದೆ. ಬಿಟ್ಟ ಪದವಿಯ ಪೇಪರ್‌ಗಳನ್ನು ಅಲ್ಲಿ ಜಮಾ ಮಾಡಿಸಿ. ಮದುವೆಯಾಗಿ, ಮಗು ಆಗಿ, ಐದು ವರ್ಷದ ಮೇಲೆ ಒಬ್ಬಳು ವಾಪಸ್ ಬಂದರೆ ಅವಳು ಮೊದಲಿನಿಂದ ಶುರು ಮಾಡಬಾರದು. ಹಾಗೆಯೇ ಸೇರುವ ಮೊದಲೇ ಎಲ್ಲರನ್ನೂ ಒಮ್ಮೆ ಕೂರಿಸಿ ಮಾತಾಡಿ. ಮೊದಲ ಸೆಮಿಸ್ಟರ್ ಒಂದೇ ಪದವಿ ಓದಲಿ, ಅಂಕ ಚೆನ್ನಾಗಿದ್ದರೆ ಎರಡನೆಯದಕ್ಕೆ ಬರಲಿ. ಹೀಗೆ ಮಾಡಿದರೆ ಆಸೆಪಟ್ಟು ಬಂದು ಒದ್ದಾಡುವವರು ಕಡಿಮೆಯಾಗುತ್ತಾರೆ.

ನನ್ನ ಬೇಡಿಕೆ ಇಷ್ಟು. ಮುಂದಿನ ಪ್ರವೇಶ ಪ್ರಕಟಣೆಗೆ ಮುಂಚೆ ವಿದ್ಯಾವಿಷಯಕ ಪರಿಷತ್ತಿನ ಸಭೆಯಲ್ಲಿ ಈ ವಿಷಯ ಇಡಿ. ನಾಲ್ಕೈದು ಜೋಡಿಗಳ ಹೆಸರು, ಅವುಗಳ ಹಂಚಿಕೊಂಡ ಕ್ರೆಡಿಟ್, ಹೊಂದಿಸಿದ ಟೈಮ್ ಟೇಬಲ್, ಇವನ್ನು ಪ್ರಕಟಣೆಯ ಜೊತೆಗೇ ಕೊಡಿ. ಅರ್ಜಿಯಲ್ಲಿ ಎರಡನೇ ಕೋರ್ಸ್‌ಗೆ ಒಂದು ಸಾಲು ಸೇರಿಸಿ. ಟಿಸಿ ಒಂದು ವಿಭಾಗದಲ್ಲಿದ್ದರೆ ಅದರ ದೃಢೀಕೃತ ಪ್ರತಿ ಇನ್ನೊಂದು ವಿಭಾಗಕ್ಕೆ ಸಾಕು ಎಂದು ಕುಲಸಚಿವರ ಕಚೇರಿಯಿಂದ ಸುತ್ತೋಲೆ ಹೊರಡಿಸಿ. ಈ ಕೊನೆಯದಕ್ಕೆ ಸಭೆಯೂ ಬೇಡ, ಹಣವೂ ಬೇಡ. ನಾಳೆಯೇ ಆಗುವ ಕೆಲಸ.

ಟೈಮ್ ಟೇಬಲ್ ಹೊಂದಿಸಲು ಜನ ಬೇಕೆಂದರೆ ನಮ್ಮಂಥ ಪದವಿ ಕಾಲೇಜಿನ ಅಧ್ಯಾಪಕರನ್ನು ಕರೆಯಿರಿ. ಭಾನುವಾರವಾದರೂ ಬರುತ್ತೇವೆ. ಯಾವ ಮಕ್ಕಳು ಯಾವ ಜೋಡಿ ಕೇಳುತ್ತಿದ್ದಾರೆ ಎಂಬ ಪಟ್ಟಿ ನನ್ನ ಹತ್ತಿರ ಇದೆ, ಅದನ್ನೂ ತರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಉಪನ್ಯಾಸಕಿ, ಕಲಬುರಗಿ